ತಾಳಮದ್ದಳೆಯ ಅರ್ಥಧಾರಿಗೊಂದು ಟ್ಯಾಬ್ಲೆಟ್: ಆಯ್ಕೆಯ ಪ್ರಕರಣ ಅಧ್ಯಯನ

ಈ ಪ್ರಕರಣದ ಕೇಂದ್ರದಲ್ಲಿರುವವರು ನನ್ನ ತಂದೆ. ಅವರಿಗೆ 71 ವರ್ಷ. ಸಿದ್ದಾಪುರ ತಾಲೂಕಿನ ಹಳ್ಳಿಯೊಂದರಲ್ಲಿ ತಾಯಿಯವರೊಂದಿಗೆ ವಾಸ. ಪ್ರಾಥಮಿಕ ಶಾಲೆಯ ಶಿಕ್ಷಕರಾಗಿ ನಿವೃತ್ತರಾದ ಮೇಲೆ ಅವರ ಹೊತ್ತು ಅಡಿಕೆ ತೋಟಕ್ಕೆ ಎಷ್ಟು ಸಲ್ಲುತ್ತದೆಯೋ ಅದಕ್ಕಿಂತ ಒಂದು ಪಾಲು ಹೆಚ್ಚಾಗಿಯೇ ತಾಳಮದ್ದಳೆಗೆ ಸಲ್ಲುತ್ತದೆ. ಯಕ್ಷಗಾನದ ಮಾತಿನ ರೂಪವಾದ ತಾಳಮದ್ದಳೆಯಲ್ಲಿ ವೇಷವಿಲ್ಲ, ಕುಣಿತವಿಲ್ಲ; ಹಾಡುಗಾರರಾದ ಭಾಗವತರು ಪ್ರಸಂಗದ, ಅಂದರೆ ಆ ದಿನದ ಕಥಾಭಾಗದ, ಪದ್ಯ ಹಾಡಿದ ಮೇಲೆ ಅರ್ಥಧಾರಿ ಕುಳಿತಲ್ಲಿಯೇ ಆ ಪಾತ್ರವಾಗಿ ಮಾತನಾಡಬೇಕು. ಮಾತು ಆಶುವಾಗಿ ಬಂದರೂ ಅದರ ಹಿಂದಿನ ಓದು ಆಶುವಲ್ಲ. ಪ್ರಸಂಗದ ಪದ್ಯ, ಅದಕ್ಕೆ ಮೂಲವಾದ ಭಾರತ ಭಾಗವತಗಳ ಭಾಗ, ಹಿಂದಿನವರು ಹೇಳಿದ ಅರ್ಥದ ಟಿಪ್ಪಣಿ, ಇವೆಲ್ಲ ಕೂಟಕ್ಕೆ ಮುಂಚಿನ ಒಂದು ವಾರ ಅವರ ಮೇಜಿನ ಮೇಲೆ ಹರಡಿಕೊಂಡಿರುತ್ತವೆ.

ಎರಡೂ ಕಣ್ಣುಗಳ ಪೊರೆಯ ಶಸ್ತ್ರಚಿಕಿತ್ಸೆಯಾದ ಮೇಲೆ ಅವರಿಗೆ ದೂರದ್ದು ಸ್ಪಷ್ಟವಾಯಿತು, ಓದುವುದಕ್ಕೆ ಮಾತ್ರ ಕನ್ನಡಕ ಬೇಕಾಯಿತು. ಒಂದೇ ದೂರಕ್ಕೆ ಹೊಂದಿಸಿದ ಕೃತಕ ಮಸೂರವನ್ನು ಕೂಡಿಸಿದಾಗ ಆಗುವುದು ಹೀಗೆಯೇ. ಕನ್ನಡಕ ಹಾಕಿಕೊಂಡರೂ ಹಳೆಯ ಪುಸ್ತಕಗಳ ಮಾಸಿದ ಅಚ್ಚು, ಹಳದಿ ತಿರುಗಿದ ಕಾಗದ ಅವರನ್ನು ಅರ್ಧ ಗಂಟೆಯಲ್ಲಿ ದಣಿಸುತ್ತಿತ್ತು. ಅದೇ ಹೊತ್ತಿಗೆ, ಅಂಗಡಿಯಲ್ಲಿ ಸಿಗದ ಎಷ್ಟೋ ಹಳೆಯ ಕನ್ನಡ ಪುಸ್ತಕಗಳು ಸ್ಕ್ಯಾನ್ ರೂಪದಲ್ಲಿ ಸಿಗುತ್ತವೆ ಎಂಬುದು ಅವರಿಗೆ ಗೆಳೆಯರಿಂದ ತಿಳಿಯಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪಾಲುದಾರಿಕೆಯಲ್ಲಿ ನಡೆದ ಡಿಜಿಟಲ್ ಲೈಬ್ರರಿ ಆಫ್ ಇಂಡಿಯಾ ಯೋಜನೆಯಲ್ಲಿ ಸ್ಕ್ಯಾನ್ ಆದ ಸಾವಿರಾರು ಕನ್ನಡ ಪುಸ್ತಕಗಳು ಇಂದು ಇಂಟರ್ನೆಟ್ ಆರ್ಕೈವ್ ತಾಣದಲ್ಲಿ ಸಿಗುತ್ತವೆ. ಯಕ್ಷಗಾನದ ಅಭಿಮಾನಿಗಳು ಸ್ವಂತ ಶ್ರಮದಿಂದ ಪ್ರಸಂಗಗಳನ್ನು ಸ್ಕ್ಯಾನ್ ಮಾಡಿ, ಕೆಲವನ್ನು ಹೊಸದಾಗಿ ಟೈಪಿಸಿ ಹಂಚುತ್ತಿದ್ದಾರೆ. ಇವನ್ನೆಲ್ಲ ಓದಲು ಒಂದು ಟ್ಯಾಬ್ಲೆಟ್ ಬೇಕೆಂದು ತಂದೆಯವರು ತಾವಾಗಿಯೇ ಕೇಳಿದರು. ಮನೆಗೆ ಯಾವ ಯಂತ್ರ ಬಂದಾಗಲೂ ಬೇಡವೆನ್ನುತ್ತಿದ್ದವರು ಕೇಳಿ ಪಡೆಯಲು ಹೊರಟ ಮೊದಲ ಯಂತ್ರ ಇದು. ನಾವು ಅದನ್ನು ಸರಿಯಾಗಿ ಆರಿಸಬೇಕಾಗಿತ್ತು. ಮೊದಲ ಸಲ ಸರಿಯಾಗಿ ಆರಿಸಲಿಲ್ಲ.

ಮೊದಲ ಖರೀದಿ ಮತ್ತು ಅದು ಸೋತ ಬಗೆ

2024ರ ಬೇಸಿಗೆಯಲ್ಲಿ ನನ್ನ ತಮ್ಮ ಆನ್‌ಲೈನ್ ಮಾರಾಟವೊಂದರಲ್ಲಿ 8 ಇಂಚಿನ ಟ್ಯಾಬ್ಲೆಟ್ ತರಿಸಿದ. 3 ಜಿಬಿ ರ‍್ಯಾಮ್, 32 ಜಿಬಿ ಸಂಗ್ರಹ, ಬೆಲೆ 9,000 ರೂಪಾಯಿಯ ಆಸುಪಾಸು. ವಯಸ್ಸಾದವರಿಗೆ ಹಗುರವಾಗಿರಲಿ, ಮೊಬೈಲಿಗಿಂತ ದೊಡ್ಡದಿದ್ದರೆ ಸಾಕು, ಬರೀ ಓದುವುದಕ್ಕೆ ಹೆಚ್ಚಿನ ಶಕ್ತಿ ಬೇಡ ಎಂಬ ಮೂರು ಲೆಕ್ಕಾಚಾರ ಅವನದಾಗಿತ್ತು. ನನಗೂ ಆಗ ಅವು ಒಪ್ಪಿಗೆಯಾಗಿದ್ದವು. ಮೂರರಲ್ಲಿ ಮೊದಲನೆಯದೊಂದೇ ನಿಜವಾಯಿತು.

ಮಳೆಗಾಲದ ಆರಂಭಕ್ಕೆ ಊರಿಗೆ ಹೋದಾಗ ಆ ಟ್ಯಾಬ್ಲೆಟ್ ದೇವರ ಗೂಡಿನ ಪಕ್ಕದ ಕಪಾಟಿನಲ್ಲಿ ಬಟ್ಟೆ ಹೊದ್ದು ಮಲಗಿತ್ತು. ತಂದೆಯವರು ದೂರಲಿಲ್ಲ, ಕಣ್ಣಿಗೆ ಒಗ್ಗಲಿಲ್ಲ ಎಂದಷ್ಟೇ ಹೇಳಿ ಸುಮ್ಮನಾದರು. ನಾನು ಅದನ್ನು ಹೊರತೆಗೆದು, ಒಂದು ಪ್ರಸಂಗದ ಸ್ಕ್ಯಾನ್ ಪ್ರತಿಯನ್ನು ತೆರೆದು, ನೀವು ಓದುವ ಹಾಗೆ ಓದಿ ತೋರಿಸಿ ಎಂದು ಕೇಳಿ ಪಕ್ಕದಲ್ಲಿ ಕುಳಿತೆ. ಆ ಇಪ್ಪತ್ತು ನಿಮಿಷಗಳಲ್ಲಿ ಕಂಡದ್ದು, ಅದುವರೆಗೆ ನಾನು ಓದಿದ್ದ ಯಾವ ಟ್ಯಾಬ್ಲೆಟ್ ವಿಮರ್ಶೆಯಲ್ಲೂ ಇರಲಿಲ್ಲ.

ಪುಟ ಪೂರ್ತಿಯಾಗಿ ಕಂಡಾಗ ಅಕ್ಷರ ತೀರ ಸಣ್ಣದಾಗಿತ್ತು. ಎರಡು ಬೆರಳಿನಿಂದ ಹಿಗ್ಗಿಸಿದರೆ ಸಾಲಿನ ಕೊನೆ ಪರದೆಯಿಂದ ಆಚೆ ಹೋಗುತ್ತಿತ್ತು. ಪ್ರತಿ ಸಾಲಿಗೂ ಪುಟವನ್ನು ಎಡಕ್ಕೆ ಬಲಕ್ಕೆ ಎಳೆಯಬೇಕು. ಎಳೆದಾಗ ಅಕ್ಷರಗಳು ಮೊದಲು ಮಬ್ಬಾಗಿ, ಒಂದೆರಡು ಕ್ಷಣದ ಮೇಲೆ ಸ್ಪಷ್ಟವಾಗುತ್ತಿದ್ದವು. ಸ್ಕ್ಯಾನ್ ಪುಟವೆಂದರೆ ಅದೊಂದು ಚಿತ್ರ. ಮುನ್ನೂರು ಪುಟದ ಪುಸ್ತಕವೆಂದರೆ ಮುನ್ನೂರು ದೊಡ್ಡ ಚಿತ್ರಗಳ ಕಟ್ಟು. ಪ್ರತಿ ಸಲ ಹಿಗ್ಗಿಸಿದಾಗಲೂ ಸಂಸ್ಕಾರಕವು (ಪ್ರೊಸೆಸರ್) ಆ ಚಿತ್ರವನ್ನು ಮತ್ತೆ ಬಿಡಿಸಬೇಕು. ಬರೀ ಓದುವುದಕ್ಕೆ ಶಕ್ತಿ ಬೇಡ ಎಂಬ ಮಾತು ಟೈಪಿಸಿದ ಪಠ್ಯಕ್ಕೆ ನಿಜ, ಸ್ಕ್ಯಾನ್ ಪ್ರತಿಗೆ ನಿಜವಲ್ಲ. ತಂದೆಯವರ ಬೆರಳುಗಳು ತೋಟದ ಕೆಲಸದಿಂದ ಗಡುಸಾಗಿವೆ, ಒಣಗಿವೆ. ಬೆರಳಿನ ವಿದ್ಯುದ್ಗುಣವನ್ನು ಗ್ರಹಿಸುವ ಪರದೆಗೆ ಅಂಥ ಚರ್ಮದ ಸ್ಪರ್ಶ ಒಮ್ಮೆ ತಿಳಿಯುತ್ತದೆ, ಒಮ್ಮೆ ತಿಳಿಯುವುದಿಲ್ಲ. ಅವರು ಪರದೆಯನ್ನು ಒತ್ತಿ ಒತ್ತಿ ಎಳೆಯುತ್ತಿದ್ದರು. ಪುಟ ಒಂದರ ಬದಲು ನಾಲ್ಕು ಮುಂದೆ ಹೋಗುತ್ತಿತ್ತು. ಅವರು ಕನ್ನಡಕ ತೆಗೆದು ಕಣ್ಣೊರೆಸಿಕೊಳ್ಳುತ್ತಿದ್ದರು.

ಇನ್ನೊಂದು ಸಂಗತಿ ನನಗೆ ತಡವಾಗಿ ಹೊಳೆಯಿತು. ಓದುವಾಗ ಅವರ ಬಲಗೈ ಸುಮ್ಮನಿರುವುದಿಲ್ಲ. ಪೆನ್ಸಿಲೊಂದು ಬೆರಳ ನಡುವೆ ಇದ್ದೇ ಇರುತ್ತದೆ. ಅವರ ಹಳೆಯ ಪ್ರಸಂಗ ಪುಸ್ತಕಗಳ ಅಂಚಿನ ತುಂಬ ಸಣ್ಣ ಸಣ್ಣ ಬರಹವಿದೆ: ಈ ಪದ್ಯದ ಅರ್ಥವನ್ನು ಇಲ್ಲಿ ನಿಲ್ಲಿಸಬೇಕು, ಎದುರಾಳಿ ಈ ಪ್ರಶ್ನೆ ಎತ್ತಿದರೆ ಈ ಉತ್ತರ, ಈ ಮಾತಿಗೆ ಆಧಾರ ಇಂಥ ಪರ್ವ. ಅವರ ಓದು ಎಂದರೆ ಅಂಚಿನಲ್ಲಿ ಬರೆಯುವುದು. ನಾವು ತಂದುಕೊಟ್ಟ ಯಂತ್ರದಲ್ಲಿ ಅಂಚು ಕಾಣುತ್ತಿತ್ತು, ಬರೆಯಲು ಬರುತ್ತಿರಲಿಲ್ಲ. ಅದು ಕಪಾಟು ಸೇರಿದ್ದಕ್ಕೆ ಪರದೆಯ ಅಳತೆಯಷ್ಟೇ ಇದೂ ಕಾರಣವೆಂದು ನಾನು ನಂಬುತ್ತೇನೆ.

ಪುಟವನ್ನು ಅಳೆಯುವುದು

ಎರಡನೆಯ ಆಯ್ಕೆಯನ್ನು ನಾವು ಯಂತ್ರದಿಂದ ಆರಂಭಿಸದೆ ಪುಟದಿಂದ ಆರಂಭಿಸಿದೆವು. ಅಳತೆಪಟ್ಟಿ ಹಿಡಿದು ಅವರ ಕಪಾಟಿನ ಪುಸ್ತಕಗಳನ್ನು ಅಳೆದೆ. ಹೆಚ್ಚಿನವು ಡೆಮಿ ಅಷ್ಟದಳದವು, ಅಂದರೆ ಸುಮಾರು ಐದೂವರೆ ಇಂಚು ಅಗಲ, ಎಂಟೂವರೆ ಇಂಚು ಉದ್ದ. ಅವುಗಳಲ್ಲಿ ಅಚ್ಚಾದ ಭಾಗ ಮಾತ್ರ ಅಳೆದರೆ ಸುಮಾರು ನಾಲ್ಕೂಕಾಲು ಇಂಚು ಅಗಲ, ಏಳು ಇಂಚು ಉದ್ದ, ಉಳಿದದ್ದು ಅಂಚು. ಟ್ಯಾಬ್ಲೆಟ್ ಪರದೆಯ ಇಂಚು ಎಂದರೆ ಮೂಲೆಯಿಂದ ಮೂಲೆಗೆ ಅಳೆದದ್ದು. ಓದುಗನಿಗೆ ಬೇಕಾದದ್ದು ಅಗಲ. 8 ಇಂಚಿನ ಆ ಟ್ಯಾಬ್ಲೆಟ್ಟಿನ ಅಗಲ ನಾಲ್ಕೂಕಾಲು ಇಂಚಿಗೆ ತುಸು ಕಡಿಮೆ. ಡೆಮಿ ಪುಟ ಪೂರ್ತಿ ಕಾಣಬೇಕಾದರೆ ಅದು ನಿಜ ಗಾತ್ರದ ಶೇ. 77ಕ್ಕೆ ಕುಗ್ಗಲೇಬೇಕು, 12 ಪಾಯಿಂಟಿನ ಅಕ್ಷರ 9 ಪಾಯಿಂಟಾಗುತ್ತದೆ. ಪೊರೆ ತೆಗೆದ ಕಣ್ಣಿಗೆ ನಾವು ಕೊಟ್ಟದ್ದು ಮೂಲ ಪುಸ್ತಕಕ್ಕಿಂತ ಸಣ್ಣ ಅಕ್ಷರವನ್ನು. ಇದನ್ನು ಕೊಳ್ಳುವ ಮೊದಲೇ ಲೆಕ್ಕ ಹಾಕಬಹುದಿತ್ತು ಎಂಬುದು ನನಗೆ ಇಂದಿಗೂ ನೋವಿನ ಸಂಗತಿ.

ಅಕ್ಷರ ಕುಗ್ಗಿದರೆ ಕನ್ನಡಕ್ಕೆ ಆಗುವ ನಷ್ಟ ಇಂಗ್ಲಿಷಿಗೆ ಆಗುವುದಕ್ಕಿಂತ ಹೆಚ್ಚು. ದ ಮತ್ತು ಧ, ಡ ಮತ್ತು ಢ, ಪ ಮತ್ತು ಫ ಇವುಗಳ ನಡುವಣ ವ್ಯತ್ಯಾಸ ಅಡಿಯಲ್ಲಿರುವ ಒಂದು ಸಣ್ಣ ಸೀಳು. ಒತ್ತಕ್ಷರಗಳು ಸಾಲಿನ ಕೆಳಗೆ, ಮೂಲ ಅಕ್ಷರಕ್ಕಿಂತ ಚಿಕ್ಕದಾಗಿ ಬರುತ್ತವೆ. ಕಪ್ಪುಬಿಳುಪಿನಲ್ಲಿ ಸ್ಕ್ಯಾನಾದ ಹಳೆಯ ಪುಟದಲ್ಲಿ ಮೊದಲು ಅಳಿಸಿಹೋಗುವುದು ಆ ಸೀಳು, ಆಮೇಲೆ ಒತ್ತು. ಆದ್ದರಿಂದ ಒಂದು ಇಂಚಿನಲ್ಲಿ ಎಷ್ಟು ಚುಕ್ಕಿಗಳಿವೆ ಎಂಬ ಸಂಖ್ಯೆಯನ್ನು ನಾವು ಹಗುರವಾಗಿ ಎಣಿಸಲಿಲ್ಲ. ಹಳೆಯದರಲ್ಲಿ ಅದು 189 ಇತ್ತು. 200ಕ್ಕಿಂತ ಕಡಿಮೆಯಿರುವುದನ್ನು ನೋಡುವುದೇ ಬೇಡವೆಂದು ನಿಶ್ಚಯಿಸಿದೆವು.

ಪದ್ಯದ ವಿಷಯದಲ್ಲಿ ಇನ್ನೊಂದು ಸೂಕ್ಷ್ಮವಿದೆ. ಟೈಪಿಸಿದ ಪಠ್ಯವಾದರೆ ಅಕ್ಷರವನ್ನು ಎಷ್ಟು ಬೇಕಾದರೂ ದೊಡ್ಡದು ಮಾಡಬಹುದು, ಸಾಲು ತಾನಾಗಿ ಮುರಿದುಕೊಳ್ಳುತ್ತದೆ ಎಂದು ಎಲ್ಲರೂ ಹೇಳುತ್ತಾರೆ. ಗದ್ಯಕ್ಕೆ ಅದು ಸರಿ. ಭಾಮಿನೀ ಷಟ್ಪದಿಯಲ್ಲಿ ಒಂದು, ಎರಡು, ನಾಲ್ಕು, ಐದನೆಯ ಪಾದಗಳಿಗೆ 14 ಮಾತ್ರೆ. ಮೂರು ಮತ್ತು ಆರನೆಯದಕ್ಕೆ 23. ಅಗಲ ಸಾಲದ ಪರದೆಯಲ್ಲಿ ಅಕ್ಷರ ಹಿಗ್ಗಿಸಿದರೆ ಮೊದಲು ಮುರಿಯುವುದು ಆ ಎರಡು ದೀರ್ಘ ಪಾದಗಳು. ಆರು ಸಾಲಿನ ಪದ್ಯ ಎಂಟು ಸಾಲಾಗುತ್ತದೆ. ಕಣ್ಣಿಗೆ ಪಾದದ ಕೊನೆ ಸಿಗುವುದಿಲ್ಲ. ತಂದೆಯವರು ಪದ್ಯವನ್ನು ಮನಸ್ಸಿನಲ್ಲೇ ಹಾಡಿಕೊಂಡು ಓದುವವರು; ತಪ್ಪಾದ ಜಾಗದಲ್ಲಿ ಮುರಿದ ಸಾಲು ಅವರನ್ನು ಪ್ರತಿ ಸಲವೂ ಎಡವಿಸುತ್ತಿತ್ತು. ಇದಕ್ಕೆ ಪರಿಹಾರ ಟ್ಯಾಬ್ಲೆಟ್ಟನ್ನು ಅಡ್ಡ ತಿರುಗಿಸುವುದು. ಅಡ್ಡ ತಿರುಗಿಸಿದಾಗ ಒಂದು ಪೂರ್ತಿ ಷಟ್ಪದಿಯಾದರೂ ಮುರಿಯದೆ ಕಾಣಬೇಕು ಎಂಬುದು ನಮ್ಮ ಪಟ್ಟಿಯ ಒಂದು ಅಗತ್ಯವಾಯಿತು.

ತಾಯಿಯವರ ಅಗತ್ಯವೂ ಪಟ್ಟಿಯಲ್ಲಿತ್ತು. ನನ್ನ ತಂಗಿ ಅಮೆರಿಕದಲ್ಲಿದ್ದಾಳೆ; ವಾರಕ್ಕೆರಡು ಸಲ ವಿಡಿಯೊ ಕರೆ, ಮೊಮ್ಮಗನ ಮುಖ ಮೊಬೈಲಿನಲ್ಲಿ ಅಂಗೈಯಷ್ಟೇ ಕಾಣುತ್ತದೆ ಎಂಬ ಬೇಸರ. ಸಿಮ್ ಇರುವ ಮಾದರಿ ಬೇಕೇ ಎಂಬ ಪ್ರಶ್ನೆ ಬೇಗ ತೀರ್ಮಾನವಾಯಿತು. ನಮ್ಮ ಮನೆ ತಗ್ಗಿನಲ್ಲಿದೆ, ಮೊಬೈಲ್ ಸಿಗ್ನಲ್ ಬೇಕಾದರೆ ಗುಡ್ಡ ಹತ್ತಬೇಕು. ಇರುವ ಒಂದೇ ದಾರಿ ಫೈಬರ್ ಸಂಪರ್ಕ. ವೈಫೈ ಮಾದರಿ ಸಾಕೆಂದು ಉಳಿಸಿದ ಹಣದಲ್ಲಿ ಸ್ವಲ್ಪವನ್ನು ರೌಟರಿಗೆ ಒಂದು ಚಿಕ್ಕ ಯುಪಿಎಸ್ ಕೊಳ್ಳಲು ಇಟ್ಟೆವು. ಜುಲೈ ತಿಂಗಳ ಗಾಳಿಮಳೆಗೆ ಮರ ಬಿದ್ದು ದಿನಗಟ್ಟಲೆ ವಿದ್ಯುತ್ ಹೋಗುವ ಊರಿನಲ್ಲಿ ಟ್ಯಾಬ್ಲೆಟ್ಟಿನ ಬ್ಯಾಟರಿಯಷ್ಟೇ ರೌಟರಿನ ಬ್ಯಾಟರಿಯೂ ಮುಖ್ಯ.

ಕಾಗದದಂತೆ ಕಾಣುವ ಪರದೆಯ ಇ-ಇಂಕ್ ಓದುಗಗಳನ್ನೂ ಯೋಚಿಸಿದೆವು, ಏಕೆಂದರೆ ಕಣ್ಣಿಗೆ ಅವು ನಿಜವಾಗಿಯೂ ಹಿತ. ಆದರೆ ನಮ್ಮ ಕೈಗೆಟಕುವ ಬೆಲೆಯವು ಆರೇಳು ಇಂಚಿನವು. ಸ್ಕ್ಯಾನ್ ಪುಟಕ್ಕೆ 8 ಇಂಚೇ ಸಾಲದೆಂದು ಕಂಡ ಮೇಲೆ ಆ ದಾರಿ ಮುಚ್ಚಿತು. ಅಂಥ ಓದುಗಗಳಿಗೆ ಇ-ಪುಸ್ತಕ ಮಾರುವ ಅಮೆಜಾನಿನ ಕಿಂಡಲ್ ಅಂಗಡಿಗೆ 2016ರಲ್ಲಿ ಐದು ಭಾರತೀಯ ಭಾಷೆಗಳ ಪುಸ್ತಕಗಳು ಬಂದಾಗ ಅವುಗಳಲ್ಲಿ ಕನ್ನಡ ಇರಲಿಲ್ಲ ಎಂಬುದನ್ನು ನಮ್ಮ ತಂದೆಯವರು ಇನ್ನೂ ಮರೆತಿಲ್ಲ.

ಹುಬ್ಬಳ್ಳಿಯ ಅಂಗಡಿಯಲ್ಲಿ ಮೂರು ಪರದೆ

ಆಗಸ್ಟ್ ತಿಂಗಳಲ್ಲಿ ತಂದೆಯವರನ್ನು ಕರೆದುಕೊಂಡು ಹುಬ್ಬಳ್ಳಿಗೆ ಹೋದೆ. ಶಿರಸಿಯಲ್ಲಿ ಅಂಗಡಿಗಳಿದ್ದರೂ ತೆರೆದು ತೋರಿಸುವ ಮಾದರಿಗಳು ಕಡಿಮೆ. ಡಬ್ಬಿ ನೋಡಿ ಕೊಳ್ಳುವ ತಪ್ಪನ್ನು ಮತ್ತೆ ಮಾಡುವುದು ಬೇಡವೆನಿಸಿತ್ತು. ಟೈಪ್-ಸಿ ಪೆನ್‌ಡ್ರೈವಿನಲ್ಲಿ ನಾಲ್ಕು ಕಡತಗಳನ್ನು ಹಾಕಿಕೊಂಡಿದ್ದೆ: ಅಚ್ಚು ಮಾಸಿದ ಒಂದು ಪ್ರಸಂಗದ ಸ್ಕ್ಯಾನ್, ದಪ್ಪನೆಯ ಒಂದು ಕಾವ್ಯದ ಸ್ಕ್ಯಾನ್, ಟೈಪಿಸಿದ ಒಂದು ಪ್ರಸಂಗ, ಗೆಳೆಯರೊಬ್ಬರು ಕಳಿಸಿದ ಹಳೆಯ ವರ್ಡ್ ಕಡತ. ಅಂಗಡಿಯ ಹುಡುಗ ತಾಳ್ಮೆಯವನು. ಮೂರನ್ನು ಮೇಜಿನ ಮೇಲೆ ಸಾಲಾಗಿ ಇಟ್ಟುಕೊಟ್ಟ. ಹತ್ತನೆಯ ತಲೆಮಾರಿನ 10.9 ಇಂಚಿನ ಐಪ್ಯಾಡ್, 11 ಇಂಚಿನ ಸ್ಯಾಮ್ಸಂಗ್ ಗ್ಯಾಲಕ್ಸಿ ಟ್ಯಾಬ್ ಎ9 ಪ್ಲಸ್, 10.4 ಇಂಚಿನ ಗ್ಯಾಲಕ್ಸಿ ಟ್ಯಾಬ್ ಎಸ್6 ಲೈಟ್.

ಕಾಗದದ ಮೇಲೆ ನಾನು ಹಾಕಿದ ಲೆಕ್ಕ ಹೀಗಿತ್ತು. ಡೆಮಿ ಪುಟವನ್ನು ಅಂಚುಸಹಿತ ಪೂರ್ತಿ ತೋರಿಸಿದರೆ ಎ9 ಪ್ಲಸ್‌ನಲ್ಲಿ ಅದು ನಿಜ ಗಾತ್ರಕ್ಕಿಂತ ಶೇ. 6ರಷ್ಟು ದೊಡ್ಡದು, ಐಪ್ಯಾಡಿನಲ್ಲಿ ಶೇ. 5ರಷ್ಟು ದೊಡ್ಡದು, ಎಸ್6 ಲೈಟಿನಲ್ಲಿ ಶೇ. 3ರಷ್ಟು ಚಿಕ್ಕದು. ಐಪ್ಯಾಡಿನ ಪರದೆ ಅಗಲವಾದದ್ದು, ಸುಮಾರು ಆರೂಕಾಲು ಇಂಚು. ಆದರೆ ಉದ್ದ ಕಡಿಮೆ, ಆದ್ದರಿಂದ ಪುಸ್ತಕದ ಪುಟಕ್ಕೆ ಅದರ ಅಗಲ ಪೂರ್ತಿಯಾಗಿ ಒದಗುವುದಿಲ್ಲ. ಎ4 ಹಾಳೆಯ ಕಡತವಾದರೆ ಐಪ್ಯಾಡೇ ಮೇಲು. ಇನ್ನು ಓದುವ ಆ್ಯಪ್‌ನಲ್ಲಿ ಅಂಚನ್ನು ಕತ್ತರಿಸಿ ಅಚ್ಚಾದ ಭಾಗವನ್ನಷ್ಟೇ ತೋರಿಸಿದರೆ ಎ9 ಪ್ಲಸ್‌ನಲ್ಲಿ ನಿಜ ಗಾತ್ರದ 1.33 ಪಟ್ಟು, ಐಪ್ಯಾಡಿನಲ್ಲಿ 1.28, ಎಸ್6 ಲೈಟಿನಲ್ಲಿ 1.26. ಮೂರೂ ಹತ್ತಿರ ಹತ್ತಿರ ಬಂದುಬಿಟ್ಟವು. 12 ಪಾಯಿಂಟಿನ ಅಕ್ಷರ ಮೂರರಲ್ಲೂ 15ರಿಂದ 16 ಪಾಯಿಂಟಾಗುತ್ತದೆ. ಅರ್ಧ ಇಂಚಿನ ಪರದೆಗಾಗಿ ಹಣ ತೆರುವುದಕ್ಕಿಂತ ಅಂಚು ಕತ್ತರಿಸುವ ಒಂದು ಗುಂಡಿಯನ್ನು ಕಂಡುಕೊಂಡರೆ ಹೆಚ್ಚು ಲಾಭ. ಅಡ್ಡ ತಿರುಗಿಸಿ ಅಗಲಕ್ಕೆ ಹೊಂದಿಸಿದರೆ ಅಕ್ಷರ ಎರಡು ಪಟ್ಟಿಗಿಂತ ಹೆಚ್ಚಾಗುತ್ತದೆ. ಎಸ್6 ಲೈಟಿನಲ್ಲೂ ಒಂದೂವರೆ ಷಟ್ಪದಿ ಒಟ್ಟಿಗೆ ಕಾಣುತ್ತದೆ.

ಸ್ಪಷ್ಟತೆಯಲ್ಲಿ ಐಪ್ಯಾಡ್ ಮೊದಲನೆಯದು, ಇಂಚಿಗೆ 264 ಚುಕ್ಕಿ. ದಪ್ಪನೆಯ ಕಾವ್ಯದ ಸ್ಕ್ಯಾನನ್ನು ಅದರಲ್ಲಿ ತೆರೆದಾಗ ಪುಟಗಳು ಮಬ್ಬಾಗಲೇ ಇಲ್ಲ. ತಂದೆಯವರು ಅದನ್ನು ಕಂಡು ಮೆಚ್ಚಿದರು. ಆದರೆ ಅದರ ಬೆಲೆ ಆಗ 34,900 ರೂಪಾಯಿ, ಪರದೆಯ ಮೇಲೆ ಬರೆಯುವ ಆ್ಯಪಲ್ ಪೆನ್ಸಿಲ್ ಬೇರೆಯಾಗಿ ಕೊಳ್ಳಬೇಕಿತ್ತು, ಎರಡೂ ಸೇರಿ 40,000 ದಾಟುತ್ತಿತ್ತು. ನಮ್ಮ ಮಿತಿ 30,000 ಇತ್ತು. ಮೆಮೊರಿ ಕಾರ್ಡ್ ಹಾಕುವ ಅವಕಾಶವೂ ಅದರಲ್ಲಿಲ್ಲ. ತಂದೆಯವರಿಗೆ ಕಡತಗಳು ಬರುವುದು ಗೆಳೆಯರಿಂದ, ಕಾರ್ಡಿನಲ್ಲಿ, ಪೆನ್‌ಡ್ರೈವಿನಲ್ಲಿ. ಹಣವಿದ್ದಿದ್ದರೆ ನಾನು ಐಪ್ಯಾಡಿಗೆ ಒತ್ತಾಯಿಸುತ್ತಿದ್ದೆನೇನೋ; ಆ ಪರದೆಯ ಮೇಲೆ ಹಳೆಯ ಅಚ್ಚಿನ ಧಕಾರದ ಸೀಳು ಎದ್ದು ಕಾಣುತ್ತಿತ್ತು.

ನನ್ನ ಒಲವು ಎ9 ಪ್ಲಸ್ ಕಡೆಗಿತ್ತು. ದೊಡ್ಡ ಪರದೆ, 8 ಜಿಬಿ ರ‍್ಯಾಮ್, ಮೂರರಲ್ಲಿ ಕಡಿಮೆ ಬೆಲೆ, ಮುಂದಿನ ಕ್ಯಾಮೆರಾ ಉದ್ದದ ಅಂಚಿನಲ್ಲಿ ಇರುವುದರಿಂದ ಅಡ್ಡ ಇಟ್ಟು ವಿಡಿಯೊ ಕರೆ ಮಾಡುವುದಕ್ಕೆ ಅನುಕೂಲ. ಇಂಚಿಗೆ 206 ಚುಕ್ಕಿ ಎಂಬುದು ನಮ್ಮ ಗೆರೆಯ ಮೇಲೆಯೇ ಇತ್ತು. ಆದರೆ ಅದಕ್ಕೆ ಸ್ಯಾಮ್ಸಂಗಿನ ಎಸ್ ಪೆನ್ ಹೊಂದುವುದಿಲ್ಲ. ಬೇಕಾದರೆ ರಬ್ಬರ್ ತುದಿಯ ಪೆನ್ ಸಿಗುತ್ತದೆ ಎಂದು ಹುಡುಗ ಹೇಳಿ ಒಂದನ್ನು ಕೊಟ್ಟ. ಇಲ್ಲಿ ಒಂದು ವ್ಯತ್ಯಾಸವನ್ನು ತಿಳಿಸಲೇಬೇಕು. ರಬ್ಬರ್ ತುದಿಯ ಪೆನ್ ಎಂದರೆ ಬೆರಳಿನ ಬದಲಿ ಮಾತ್ರ. ಪರದೆಗೆ ಅದು ಪೆನ್ ಎಂದು ತಿಳಿಯುವುದಿಲ್ಲ, ಅಂಗೈ ಊರಿದರೆ ಅದನ್ನೂ ಬರವಣಿಗೆ ಎಂದುಕೊಳ್ಳುತ್ತದೆ. ಎಸ್6 ಲೈಟಿನ ಡಬ್ಬಿಯಲ್ಲೇ ಬರುವ ಎಸ್ ಪೆನ್‌ಗೆ ಪರದೆಯ ಕೆಳಗೆ ಬೇರೆಯದೇ ಒಂದು ಗ್ರಾಹಕ ಪದರವಿರುತ್ತದೆ. ತುದಿ ಹತ್ತಿರ ಬಂದ ಕೂಡಲೇ ಅದು ಪೆನ್ನನ್ನು ಗುರುತಿಸಿ ಅಂಗೈಯ ಸ್ಪರ್ಶವನ್ನು ಬಿಟ್ಟುಬಿಡುತ್ತದೆ, ಒತ್ತಿದ ಬಲಕ್ಕೆ ತಕ್ಕಂತೆ ಗೆರೆ ದಪ್ಪವಾಗುತ್ತದೆ. ಅದಕ್ಕೆ ಚಾರ್ಜ್ ಮಾಡಬೇಕಾಗಿಯೂ ಇಲ್ಲ.

ತಂದೆಯವರು ರಬ್ಬರ್ ಪೆನ್ನಿನಲ್ಲಿ ಒಂದು ಸಾಲು ಬರೆಯಲು ಯತ್ನಿಸಿ ಕೆಳಗಿಟ್ಟರು. ಆಮೇಲೆ ಎಸ್ ಪೆನ್ ಹಿಡಿದು, ಅಂಗೈಯನ್ನು ಗಾಜಿನ ಮೇಲೆ ಪೂರ್ತಿ ಊರಿ, ಮೇಷ್ಟರ ಕೈಬರಹದಲ್ಲಿ ನಿಧಾನವಾಗಿ "ಶ್ರೀ" ಎಂದು ಬರೆದರು. ಒತ್ತಿನ ಕೊಕ್ಕೆಯನ್ನು ಅವರು ಯಾವಾಗಲೂ ಉದ್ದವಾಗಿ ಎಳೆಯುತ್ತಾರೆ. ಅದು ಅಲ್ಲಿಯೂ ಹಾಗೆಯೇ ಬಂತು. ಅದನ್ನೇ ನೋಡುತ್ತ ಸ್ವಲ್ಪ ಹೊತ್ತು ಕುಳಿತರು. ಪರದೆ ಸ್ವಲ್ಪ ಚಿಕ್ಕದಲ್ಲವೇ, ರ‍್ಯಾಮ್ 4 ಜಿಬಿ ಮಾತ್ರ, ಎಂದು ನಾನು ಹೇಳುತ್ತಿದ್ದೆ. ಅವರು ಆಗಲೇ ಪ್ರಸಂಗದ ಪುಟವನ್ನು ತೆರೆದು ಅಂಚಿನಲ್ಲಿ ಬರೆಯತೊಡಗಿದ್ದರು.

ಎಸ್6 ಲೈಟ್ ಎಂಬ ಹೆಸರಿನಲ್ಲಿ 2020, 2022, 2024ರ ಮೂರು ಆವೃತ್ತಿಗಳಿವೆ. ಹೊರನೋಟ ಒಂದೇ, ಒಳಗಿನ ಸಂಸ್ಕಾರಕ ಬೇರೆ ಬೇರೆ. ಪ್ರದರ್ಶನಕ್ಕಿಟ್ಟದ್ದು 2024ರದು, ಗೋದಾಮಿನಿಂದ ಬಂದ ಡಬ್ಬಿ ಹಿಂದಿನದು. ಸೆಟ್ಟಿಂಗ್ಸಿನಲ್ಲಿ ಆಂಡ್ರಾಯ್ಡ್ ಆವೃತ್ತಿ ಮತ್ತು ಭದ್ರತಾ ಪರಿಷ್ಕರಣೆಯ ತಿಂಗಳನ್ನು ನೋಡಿದ್ದರಿಂದ ಅದು ತಿಳಿಯಿತು. ಕೇಳಿದ ಮೇಲೆ ಬದಲಾಯಿಸಿಕೊಟ್ಟರು. ಹೆಸರು ಒಂದೇ ಇದ್ದರೂ ಹಳೆಯದಕ್ಕೆ ಪರಿಷ್ಕರಣೆಗಳು ಬೇಗ ನಿಲ್ಲುತ್ತವೆ. ಐದಾರು ವರ್ಷ ಬಳಸಬೇಕೆಂದು ಕೊಳ್ಳುವವರಿಗೆ ಇದು ದೊಡ್ಡ ವ್ಯತ್ಯಾಸ.

ಮನೆಗೆ ತಂದ ಮೇಲಿನ ಕೆಲಸ

ಆರಿಸುವುದು ಅಂಗಡಿಯಲ್ಲಿ ಮುಗಿಯುವುದಿಲ್ಲ. ಆ ದಿನ ಸಂಜೆಯಿಂದ ಮರುದಿನ ಮಧ್ಯಾಹ್ನದವರೆಗೆ ನಾನು ಮಾಡಿದ ಹೊಂದಾಣಿಕೆಗಳೇ ಅದನ್ನು ಅವರದಾಗಿಸಿದವು ಎಂದರೆ ಅತಿಶಯೋಕ್ತಿಯಲ್ಲ. ಬೆರಳನ್ನು ಸರಿಸಿ ಹಿಂದೆ ಹೋಗುವ ಕ್ರಮವನ್ನು ತೆಗೆದು, ಪರದೆಯ ಅಡಿಯಲ್ಲಿ ಮೂರು ಗುಂಡಿಗಳು ಸದಾ ಕಾಣುವ ಹಳೆಯ ಕ್ರಮವನ್ನು ಹಾಕಿದೆ. ಒಣ ಬೆರಳಿಗೆ ಸರಿಸುವುದಕ್ಕಿಂತ ಮುಟ್ಟುವುದು ಸುಲಭ. ಪರದೆ ಮೂವತ್ತು ಸೆಕೆಂಡಿಗೆ ಆರಿಹೋಗುತ್ತಿದ್ದುದನ್ನು ಹತ್ತು ನಿಮಿಷಕ್ಕೆ ಏರಿಸಿದೆ. ಒಂದು ಷಟ್ಪದಿಯ ಮುಂದೆ ಅವರು ಐದು ನಿಮಿಷ ಸುಮ್ಮನೆ ಕೂರಬಲ್ಲವರು. ಪ್ರತಿಫಲನ ತಗ್ಗಿಸಲು ಮಂದ ಹೊಳಪಿನ ಹಾಳೆಯನ್ನು ಅಂಟಿಸಿದೆ. ಅದರಿಂದ ಸ್ಪಷ್ಟತೆ ತುಸು ಕುಂದಿತು, ಆದರೆ ಹೆಂಚಿನ ನಡುವಿನ ಗಾಜಿನಿಂದ ಬೀಳುವ ಬೆಳಕು ಪರದೆಯಲ್ಲಿ ಕುಕ್ಕುವುದು ನಿಂತಿತು. ಮರದ ವ್ಯಾಸಪೀಠವೇ ಸ್ಟ್ಯಾಂಡ್ ಆಯಿತು. ಮೊದಲು ಮೇಜಿನ ಆಚೆ ಬದಿಗೆ ಇಟ್ಟಾಗ ಅಕ್ಷರ ಮಸುಕೆಂದರು. ಓದುವ ಕನ್ನಡಕ ಸುಮಾರು 40 ಸೆಂ.ಮೀ. ದೂರಕ್ಕೆ ಹೊಂದಿಸಿದ್ದು, ಪೀಠ ಅದಕ್ಕಿಂತ ದೂರದಲ್ಲಿತ್ತು. ಒಂದು ಗೇಣು ಹತ್ತಿರ ತಂದಾಗ ಸರಿಯಾಯಿತು. ಸ್ಟ್ಯಾಂಡಿನ ಮೇಲೆ ಇರುವುದರಿಂದ 460 ಗ್ರಾಮಿಗೂ ಮೀರಿದ ಟ್ಯಾಬ್ಲೆಟ್ಟಿನ ತೂಕ ಅವರ ಕೈಗೆ ಬೀಳುವುದೇ ಇಲ್ಲ. ಹಗುರವಾಗಿರಲಿ ಎಂದು ನಾವು ಮೊದಲು ಹಾಕಿದ್ದ ಷರತ್ತು ಹೀಗೆ ಅನಗತ್ಯವಾಯಿತು.

ಗೆಳೆಯರ ಹಳೆಯ ವರ್ಡ್ ಕಡತ ತೆರೆದಾಗ ಕನ್ನಡದ ಬದಲು ಅರ್ಥವಿಲ್ಲದ ರೋಮನ್ ಚಿಹ್ನೆಗಳ ಸಾಲು ಕಂಡಿತು. ಕಡತ ಕೆಟ್ಟಿರಲಿಲ್ಲ. "ಬರಹ" ಮತ್ತು ಕನ್ನಡ ಗಣಕ ಪರಿಷತ್ತಿನ "ನುಡಿ" ಎಂಬ ಟೈಪಿಂಗ್ ತಂತ್ರಾಂಶಗಳಲ್ಲಿ, ಎಲ್ಲ ಯಂತ್ರಗಳಿಗೂ ಸಮಾನವಾದ ಅಕ್ಷರ ಸಂಕೇತವಾದ ಯುನಿಕೋಡ್‌ಗೆ ಮುಂಚೆ ಟೈಪಿಸಿದ ಕಡತಗಳು ರೋಮನ್ ಸಂಕೇತಗಳ ಜಾಗದಲ್ಲಿ ಕನ್ನಡದ ತುಣುಕುಗಳನ್ನು ತೋರಿಸುವ ವಿಶೇಷ ಫಾಂಟುಗಳನ್ನು ನೆಚ್ಚಿಕೊಂಡಿರುತ್ತವೆ. ಆ ಫಾಂಟ್ ಇಲ್ಲದಲ್ಲಿ ಸಂಕೇತಗಳಷ್ಟೇ ಕಾಣುತ್ತವೆ. ಯಾವ ಟ್ಯಾಬ್ಲೆಟ್ ಕೊಂಡರೂ ಈ ತೊಂದರೆ ತಪ್ಪುವುದಿಲ್ಲ. ಉಚಿತವಾಗಿ ಸಿಗುವ ಪರಿವರ್ತಕಗಳಿಂದ ಅಂಥ ಹನ್ನೊಂದು ಕಡತಗಳನ್ನು ಯುನಿಕೋಡ್‌ಗೆ ತಂದುಕೊಟ್ಟೆ; ಅರ್ಕಾವೊತ್ತು ಕೆಲವೆಡೆ ಪಕ್ಕದ ಅಕ್ಷರಕ್ಕೆ ಹಾರಿತ್ತು, ತಂದೆಯವರು ಕುಳಿತು ತಿದ್ದಿದರು. ಟೈಪಿಸಲು ಅವರು ಕಲಿಯಲಿಲ್ಲ, ಕಲಿಯಬೇಕಾಗಿಯೂ ಬರಲಿಲ್ಲ. ಗೂಗಲ್‌ನ ಕೀಲಿಮಣೆ ಆ್ಯಪ್ ಆದ ಜಿಬೋರ್ಡಿನ ಕನ್ನಡ ಕೈಬರಹದ ಚೌಕದಲ್ಲಿ ಪೆನ್ನಿನಿಂದ ಬರೆದರೆ ಅದು ಟೈಪಿಸಿದ ಅಕ್ಷರವಾಗುತ್ತದೆ. ವಾಟ್ಸಾಪಿನಲ್ಲಿ ಕೂಟದ ದಿನಾಂಕ ತಿಳಿಸುವಷ್ಟು ಬರವಣಿಗೆಗೆ ಅದು ಸಾಕಾಗಿದೆ.

ಒಂದು ವರ್ಷದ ಬಳಕೆ

ಪೆನ್ ಪ್ರತಿದಿನವೂ ಬಳಕೆಯಾಗುತ್ತಿದೆ. ಎಂಟು ಇಂಚಿನದು ಮೂರು ತಿಂಗಳಿಗೆ ಕಪಾಟು ಸೇರಿತ್ತು; ಇದು ವರ್ಷ ಕಳೆದರೂ ಮೇಜಿನ ಮೇಲಿದೆ. ನಾನು ಹೆದರಿದ್ದ 4 ಜಿಬಿ ರ‍್ಯಾಮ್ ಓದುವುದಕ್ಕೆ ಅಡ್ಡಿಯಾಗಲಿಲ್ಲ, ಏಕೆಂದರೆ ಅವರು ಒಮ್ಮೆಗೆ ಒಂದೇ ಪುಸ್ತಕ ತೆರೆಯುವವರು. ನೂರು ಎಂಬಿ ದಾಟಿದ ಸ್ಕ್ಯಾನ್‌ಗಳಲ್ಲಿ ಮಾತ್ರ ಪುಟ ತಿರುಗಲು ಒಂದು ಉಸಿರಿನಷ್ಟು ಹೊತ್ತು ಹಿಡಿಯುತ್ತದೆ.

ತೊಡಕುಗಳೂ ಇವೆ, ಅವನ್ನು ಮುಚ್ಚಿಡಬಾರದು. ಅಂಚು ಕತ್ತರಿಸಿ ತೋರಿಸುವ ಆ್ಯಪ್ ಒಂದು, ಪೆನ್ನಿನಿಂದ ಬರೆಯುವ ಆ್ಯಪ್ ಇನ್ನೊಂದು. ಬರೆಯುವ ಆ್ಯಪ್‌ಗೆ ಪುಸ್ತಕವನ್ನು ತಂದಾಗ ಅದು ತನ್ನದೇ ಪ್ರತಿಯೊಂದನ್ನು ಮಾಡಿಕೊಳ್ಳುತ್ತದೆ. ಹೀಗಾಗಿ ಒಂದೇ ಪ್ರಸಂಗದ ಎರಡು ಪ್ರತಿಗಳು, ಒಂದರಲ್ಲಿ ಟಿಪ್ಪಣಿ ಇದೆ, ಇನ್ನೊಂದರಲ್ಲಿ ಇಲ್ಲ. ಮೊದಲ ತಿಂಗಳು ಅವರು ಬರೆದದ್ದು ಅಳಿಸಿಹೋಯಿತೆಂದು ಎರಡು ಸಲ ಕಂಗಾಲಾದರು. ಕೊನೆಗೆ ಬರೆಯುವ ಪುಸ್ತಕಗಳಿಗೆಲ್ಲ ಹೆಸರಿನ ಮುಂದೆ "ಅರ್ಥ" ಎಂದು ಸೇರಿಸಿ, ಕಂಪ್ಯೂಟರಿನಲ್ಲಿ ಮೊದಲೇ ಅಂಚು ಕತ್ತರಿಸಿ, ಬಲಬದಿಗೆ ಮಾತ್ರ ಬರೆಯುವಷ್ಟು ಖಾಲಿ ಪಟ್ಟಿ ಉಳಿಸಿ ಕಳಿಸತೊಡಗಿದೆ. ತಿಂಗಳಿಗೊಮ್ಮೆ ಟಿಪ್ಪಣಿಸಹಿತ ಪ್ರತಿಗಳನ್ನು ಕಾರ್ಡಿಗೆ ಪಿಡಿಎಫ್ ಆಗಿ ತೆಗೆದಿಡುತ್ತೇನೆ. ಅವರ ನಲವತ್ತು ವರ್ಷದ ಅರ್ಥಗಾರಿಕೆ ಈಗ ಆ ಪಟ್ಟಿಗಳಲ್ಲಿ ಸೇರುತ್ತಿದೆ. ಯಂತ್ರ ಕೆಟ್ಟರೆ ಇನ್ನೊಂದು ತರಬಹುದು, ಅದನ್ನು ತರಲಾಗುವುದಿಲ್ಲ.

ಕ್ಯಾಮೆರಾದ ವಿಷಯದಲ್ಲಿ ನಾನು ಹೇಳಿದ್ದೇ ಆಯಿತು. ಎಸ್6 ಲೈಟಿನ ಮುಂದಿನ ಕ್ಯಾಮೆರಾ ಚಿಕ್ಕ ಅಂಚಿನಲ್ಲಿದೆ. ಅಡ್ಡ ಇಟ್ಟಾಗ ಅದು ಬದಿಗೆ ಬರುತ್ತದೆ. ಅಜ್ಜಿ ನನ್ನನ್ನು ನೋಡದೆ ಗೋಡೆ ನೋಡುತ್ತಾಳೆ ಎಂದು ಮೊಮ್ಮಗ ದೂರಿದ. ಈಗ ಕರೆಯ ಹೊತ್ತಿಗೆ ತಾಯಿಯವರು ಟ್ಯಾಬ್ಲೆಟ್ಟನ್ನು ನೆಟ್ಟಗೆ ನಿಲ್ಲಿಸಿ, ಹಿಂದಕ್ಕೆ ಅಕ್ಕಿ ಡಬ್ಬಿ ಒತ್ತಿ ಇಡುತ್ತಾರೆ. ತಂದೆಯವರ ಪೆನ್ನಿಗಾಗಿ ತಾಯಿಯವರ ಅನುಕೂಲವನ್ನು ಬಿಟ್ಟುಕೊಟ್ಟೆವು ಎಂಬುದು ಸತ್ಯ. ಇಬ್ಬರಿಗೂ ಒಂದೇ ಎಂದು ಕೊಳ್ಳುವಾಗ ಯಾರ ಅಗತ್ಯ ಮುಂದೆ ಎಂಬುದನ್ನು ಅವರನ್ನೂ ಕೂರಿಸಿಕೊಂಡೇ ನಿರ್ಧರಿಸಬೇಕಿತ್ತು. ಅವರು ಹುಬ್ಬಳ್ಳಿಗೆ ಬಂದಿರಲಿಲ್ಲ.

ಭಾಗವತರು ಕೇಳಿದಾಗ

ಕಳೆದ ದೀಪಾವಳಿಯ ಹೊತ್ತಿಗೆ ಇವರ ಕೂಟದ ಭಾಗವತರು ತಂದೆಯವರ ಟ್ಯಾಬ್ಲೆಟ್ ನೋಡಿ, ತಮಗೂ ಇದನ್ನೇ ತರಿಸಿಕೊಡಿ ಎಂದರು. ಪ್ರಸಂಗ ಪುಸ್ತಕದ ಬದಲು ಟ್ಯಾಬ್ಲೆಟ್ ನೋಡಿ ಹಾಡುವ ಭಾಗವತರು ಈಗ ಹಲವರಿದ್ದಾರೆ. ತರಿಸಿಕೊಡುವ ಮೊದಲು ನಾನು ಒಂದು ರಾತ್ರಿ ಅವರ ಪಕ್ಕದಲ್ಲಿ ಕುಳಿತೆ. ಅವರಿಗೆ ಪೆನ್ ಬೇಡ. ಹಾಡುವಾಗ ಎರಡೂ ಕೈ ತಾಳದಲ್ಲಿರುತ್ತವೆ. ಅವರ ಪದ್ಯಗಳು ಟೈಪಿಸಿದ ಯುನಿಕೋಡ್ ಪಠ್ಯ, ಸ್ಕ್ಯಾನ್ ಅಲ್ಲ. ಆದ್ದರಿಂದ ಸ್ಪಷ್ಟತೆಗಿಂತ ಅಗಲ ಮುಖ್ಯ. ಓದುವ ದೂರ ಹೆಚ್ಚು, ಏಕೆಂದರೆ ಪರದೆ ಹಾರ್ಮೋನಿಯಮ್ಮಿನ ಪೀಠದ ಮೇಲೆ ಇರುತ್ತದೆ. ತಲೆಯ ಮೇಲೆ ಟ್ಯೂಬ್‌ಲೈಟ್, ಪರದೆಯಲ್ಲಿ ಅದರದೇ ಬಿಳಿ ಗೆರೆ. ರಾತ್ರಿ ಒಂಬತ್ತಕ್ಕೆ ಆರಂಭವಾದದ್ದು ಕೆಲವೊಮ್ಮೆ ಬೆಳಗಿನವರೆಗೆ ನಡೆಯುತ್ತದೆ.

ಅವರಿಗೆ 11 ಇಂಚಿನ ಎ9 ಪ್ಲಸ್ ಅನ್ನೇ ಹೇಳಿದೆ, ಪೆನ್ ಇಲ್ಲದ್ದನ್ನು. ಕಪ್ಪು ಹಿನ್ನೆಲೆಯ ಮೇಲೆ ಬಿಳಿ ಅಕ್ಷರ, ಅಡ್ಡ ತಿರುಗಿಸಿ ಸ್ಥಿರಗೊಳಿಸಿದ ಪರದೆ, ಕೂಟ ಮುಗಿಯುವವರೆಗೆ ಯಾವ ಸಂದೇಶವೂ ಕಾಣದಂತೆ ಏರೋಪ್ಲೇನ್ ಮೋಡ್. ಉಳಿದ ಹಣದಲ್ಲಿ ಬ್ಲೂಟೂತಿನಿಂದ ಪುಟ ತಿರುಗಿಸುವ ಕಾಲೊತ್ತುಗೆಯೊಂದನ್ನು ತರಿಸಿದರು. ಪಂಚೆಯ ಕೆಳಗೆ ಬಲಗಾಲ ಹೆಬ್ಬೆರಳಿಗೆ ತಾಗುವಂತೆ ಅದನ್ನು ಇಟ್ಟುಕೊಂಡಿರುತ್ತಾರೆ. ಮೊದಲ ಎರಡು ಕೂಟಗಳಲ್ಲಿ ತಾಳದ ಲಯಕ್ಕೆ ಕಾಲು ತಟ್ಟಿ ಪುಟಗಳು ತಾವಾಗಿ ಓಡಿದವು. ಮೂರನೆಯದರ ಹೊತ್ತಿಗೆ ಅದನ್ನು ಎಡಗಾಲಿಗೆ ಬದಲಾಯಿಸಿದರು.